ನಾಲ್ಕನೆಯ ಪಾಠದಲ್ಲಿ ನಿಂತ ಮಾವ

ಹೋದ ವಾರ ನಮ್ಮ ಶಾಲೆಯ ಗಣಿತದ ಟೀಚರ್ ನಳಿನಿ ಊಟದ ಬಿಡುವಿನಲ್ಲಿ ನನ್ನ ಪಕ್ಕಕ್ಕೆ ಸರಿದು, ತನಗೆ ಸಾಹಿತ್ಯದ ಗಂಧವೇ ಇಲ್ಲ, ಆದರೂ ಈಚೆಗೆ ಓದಬೇಕು, ಸಾಧ್ಯವಾದರೆ ನಾಲ್ಕು ಸಾಲು ಬರೆಯಲೂಬೇಕು ಅನ್ನಿಸುತ್ತಿದೆ, ಅ ಆ ಇ ಈಯಿಂದ ಹೇಳಿಕೊಡುವಂಥ ಪುಸ್ತಕ ನಿಮ್ಮ ಹತ್ತಿರ ಏನಾದರೂ ಇದೆಯೇ ಎಂದು ಕೇಳಿದಳು. ಕೇಳುವಾಗ ಅವಳ ದನಿ ಎಷ್ಟು ತಗ್ಗಿತ್ತೆಂದರೆ, ಎದುರಿಗೆ ಮೊಸರನ್ನ ಕಲೆಸುತ್ತಿದ್ದ ವಿಜ್ಞಾನದ ಮೇಷ್ಟ್ರು ನಮ್ಮಿಬ್ಬರಲ್ಲಿ ಯಾರಿಗೋ ಕಾಯಿಲೆಯೆಂದೇ ತಿಳಿದು ಮರ್ಯಾದೆಯಿಂದ ಬೇರೆ ಕಡೆ ತಿರುಗಿದರು. ಇದೆ, ನಾಳೆ ತರುತ್ತೇನೆ ಎಂದೆ.

ಸಂಜೆ ಮನೆಗೆ ಬಂದು ಕಪಾಟಿನ ಕೆಳಗಿನ ಬಾಗಿಲು ತೆರೆದೆ ನೋಡಿ, ಗಪ್ಪೆಂದು ವಾಸನೆ ಬಂತು. ನಿಮ್ಮ ಮನೆಯ ಪುಸ್ತಕಗಳಿಗೆ ಹಳೆಯ ಕಾಗದದ ವಾಸನೆಯೋ ನುಸಿಗುಳಿಗೆಯ ವಾಸನೆಯೋ ಇರಬಹುದು. ನಮ್ಮ ಮನೆಯ ಆ ಸಾಲಿಗೆ ಮಾತ್ರ ಗೊಬ್ಬರದಂಗಡಿಯ ವಾಸನೆ. ಯೂರಿಯಾ, ಬೇವಿನ ಹಿಂಡಿ, ಹುಳುವಿನ ಔಷಧಿ ಎಲ್ಲ ಬೆರೆತದ್ದು. ಅಲ್ಲಿರುವ ಒಂದೊಂದು ಪುಸ್ತಕಕ್ಕೂ ದಪ್ಪನೆಯ ಮಿರುಗುವ ಕಾಗದದ ಹೊದಿಕೆ. ಒಂದರ ಮೇಲೆ ಭತ್ತದ ತೆನೆ, ಇನ್ನೊಂದರ ಮೇಲೆ ಕಬ್ಬಿನ ಜಲ್ಲೆಯನ್ನು ಕೊರೆಯುತ್ತಿರುವ ಹುಳ, ಅಂಗೈಯಗಲದ್ದು. ಅಂಗಡಿಗೆ ಕಂಪನಿಯವರು ತಂದು ಅಂಟಿಸುತ್ತಿದ್ದ ಪೋಸ್ಟರುಗಳನ್ನು ಕತ್ತರಿಸಿ ಮಾಡಿದ ಹೊದಿಕೆಗಳು ಅವು. ಬೆನ್ನಿನ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದಿದೆ: ಕತೆ. ಪದ್ಯ. ನಾಟಕ. ಆ ಅಕ್ಷರಗಳು ನಮ್ಮ ಮಾವನವರವು.

ಮಾವ ಅಂದರೆ ನನ್ನ ಗಂಡನ ತಂದೆ. ನರಸೀಪುರದಲ್ಲಿ ಬಹಳ ಕಾಲ ಗೊಬ್ಬರ, ಬೀಜದ ಅಂಗಡಿ ನಡೆಸಿದವರು. ಎತ್ತರದ ಆಳು, ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ರೈತರು ಬಂದು ಎಲೆ ಹಳದಿಯಾಗಿದೆ ಎಂದರೆ ಎಲೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಎಕರೆಗೆ ಇಷ್ಟು, ನೀರಿಗೆ ಇಷ್ಟು, ಬೆಳಗಿನ ಹೊತ್ತು ಹೊಡೆಯಿರಿ ಎಂದು ಹೇಳಿ ಮುಗಿಸುವವರು. ವಯಸ್ಸಾದ ಮೇಲೆ ಅಂಗಡಿಯನ್ನು ದೊಡ್ಡ ಮಗನಿಗೆ ಬಿಟ್ಟರು. ಬಿಟ್ಟ ಮೇಲೂ ದಿನಾ ಹೋಗಿ ಗಲ್ಲಾದ ಪಕ್ಕ ಕೂರುತ್ತಿದ್ದರು. ಗಿರಾಕಿಗಳು ಮಗನನ್ನು ದಾಟಿ ಇವರನ್ನೇ ಕೇಳುವುದು ತಪ್ಪಲಿಲ್ಲ. ಒಂದು ದಿನ ದೊಡ್ಡ ಮಗ, ಜಗಳವಾಡದೆ, ನೀವಿಲ್ಲಿ ಕೂತಿದ್ದರೆ ನಾನು ಯಾವತ್ತಿಗೂ ಮಾಲೀಕ ಆಗುವುದಿಲ್ಲ ಅಪ್ಪಾಜಿ ಎಂದರಂತೆ. ಅದು ನಿಜವೆಂದು ಮಾವನವರಿಗೂ ಅನ್ನಿಸಿರಬೇಕು. ಮರುವಾರವೇ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ನಂಜನಗೂಡಿಗೆ, ನಮ್ಮ ಮನೆಗೆ ಬಂದರು.

ನಾನು ಆಗ ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಕನ್ನಡ ಎಂ.ಎ. ಮಾಡಿ ಇಲ್ಲಿನ ಒಂದು ಹೈಸ್ಕೂಲಿಗೆ ಸೇರಿದ್ದೆ. ನಮ್ಮವರಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅತ್ತೆ ಇರಲಿಲ್ಲ. ನಮ್ಮವರು ಪಿಯುಸಿ ಓದುವಾಗಲೇ ತೀರಿಕೊಂಡಿದ್ದರು. ನಾನು ಅವರನ್ನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ, ಅದರಲ್ಲೂ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಮಸುಕು ಮುಖದಲ್ಲಿ. ಹೀಗಾಗಿ ಮನೆಯಲ್ಲಿ ಹಗಲು ಹೊತ್ತು ನಾನು ಮತ್ತು ಮಾವ ಒಬ್ಬರನ್ನೊಬ್ಬರು ಎಡವದಂತೆ ಓಡಾಡಿಕೊಂಡಿದ್ದೆವು. ಅವರಿಗೆ ನನ್ನ ಹತ್ತಿರ ಏನು ಮಾತಾಡಬೇಕೆಂದು ತಿಳಿಯದು, ನನಗಂತೂ ಭಯ. ಸಾರಿಗೆ ಉಪ್ಪು ಸಾಕಾ ಮಾವ, ಸಾಕು ಕೂಸೇ. ಅಲ್ಲಿಗೆ ಆ ದಿನದ ಸಂಭಾಷಣೆ ಮುಗಿಯಿತು.

ಅಂಥದರಲ್ಲಿ ಒಂದು ಭಾನುವಾರ ಮೈಸೂರಿಗೆ ಹೋದಾಗ ಅವರೂ ಬಂದರು. ನಾನು ಪುಸ್ತಕದಂಗಡಿಗೆ ನುಗ್ಗಿದೆ. ಹೊರಗೆ ಬಿಸಿಲು ಅಂತ ಅವರೂ ಒಳಗೆ ಬಂದು ನಿಂತರು. ನಾನು ಹಣ ಕೊಡುವ ಹೊತ್ತಿಗೆ ಅವರ ಕೈಯಲ್ಲೂ ಒಂದು ತೆಳ್ಳನೆಯ ಪುಸ್ತಕವಿತ್ತು. ಹೊಸಬರು ಕಥೆ ಬರೆಯುವುದು ಹೇಗೆ ಎಂದು ತಿಳಿಸುವ ಕೈಪಿಡಿ. ಅದರ ಹೆಸರು ಬೇಡ ಬಿಡಿ, ಅಂಥ ಪುಸ್ತಕಗಳ ಹೆಸರೆಲ್ಲ ಒಂದೇ ಥರ, ‘ಹೇಗೆ’ ಎನ್ನುವಲ್ಲಿಗೆ ಬಂದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ನಿಲ್ಲುತ್ತವೆ.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಿಕೊಳ್ಳಬೇಕು. ಎಂ.ಎ. ಓದುವಾಗ ನಾವು ಕೈಪಿಡಿಗಳನ್ನು ಕಂಡರೆ ಮೂಗು ಮುರಿಯುತ್ತಿದ್ದೆವು. ಗೈಡು ಓದಿ ಪಾಸಾದವಳು ಎನ್ನುವುದು ನಮ್ಮ ಹಾಸ್ಟೆಲಿನಲ್ಲಿ ದೊಡ್ಡ ಬೈಗುಳ. ಕಥೆಯೆಂದರೆ ಹೊಳೆಯಬೇಕು, ಪದ್ಯವೆಂದರೆ ಒಳಗಿನಿಂದ ಉಕ್ಕಬೇಕು, ಅದನ್ನು ಪಾಠ ಒಂದು, ಪಾಠ ಎರಡು ಎಂದು ಕಲಿಸಲು ಅದೇನು ಟೈಪಿಂಗೇ ಎಂದು ನಾನೇ ಭಾಷಣ ಮಾಡಿದ್ದೆ. ನನಗೆ ಆವರೆಗೆ ಯಾವ ಕಥೆಯೂ ಹೊಳೆದಿರಲಿಲ್ಲ, ಯಾವ ಪದ್ಯವೂ ಉಕ್ಕಿರಲಿಲ್ಲ ಎನ್ನುವುದು ಬೇರೆ ವಿಷಯ. ಹಾಗಾಗಿ ಮಾವನವರ ಕೈಯಲ್ಲಿ ಅದನ್ನು ನೋಡಿ ನನಗೆ ಒಳಗೊಳಗೇ ನಗು ಬಂತು. ಯಾಕೆ ಮಾವ ಇದು ಎಂದು ಕೇಳಿದ್ದಕ್ಕೆ, ಸುಮ್ಮನೆ ಕೂತು ಏನು ಮಾಡಲಿ, ಇದರಲ್ಲಿ ಮಾಡೋ ವಿಧಾನ ಕೊಟ್ಟಿದ್ದಾರೆ ಎಂದರು.

ಅವರು ಅದನ್ನು ಓದಿದ ರೀತಿಯನ್ನು ನೀವು ನೋಡಬೇಕಿತ್ತು. ಔಷಧಿಯ ಬಾಟಲಿಯ ಮೇಲಿನ ಚೀಟಿ ಓದುವ ಹಾಗೆ, ಬೆರಳಿಟ್ಟು, ಒಂದು ಪದವನ್ನೂ ಬಿಡದೆ. ಮೊದಲನೆಯ ಪಾಠ ಮುಗಿಸಿ, ಅಡುಗೆಮನೆಯ ಬಾಗಿಲಿಗೆ ಬಂದು, ವರ್ಣನೆಯನ್ನು ಹಿತಮಿತವಾಗಿ ಬಳಸಬೇಕು ಅಂತ ಬರೆದಿದ್ದಾರಲ್ಲ, ಮಿತ ಅಂದರೆ ಪುಟಕ್ಕೆ ಎಷ್ಟು ಅಂತ ಎಲ್ಲೂ ಕೊಟ್ಟಿಲ್ಲವಲ್ಲ ಎಂದು ಕೇಳಿದರು. ನಿಜ ಹೇಳಬೇಕೆಂದರೆ ಅದು ನನಗೆ ಈಗಲೂ ಗೊತ್ತಿಲ್ಲ. ಪುಸ್ತಕ ಬರೆದವರು ಯಾರೋ ನಿವೃತ್ತ ಉಪಾಧ್ಯಾಯರು. ಮಾವನವರಿಗೆ ಅವರು ಕೂಡಲೇ ‘ಮೇಷ್ಟ್ರು’ ಆದರು. ಮೇಷ್ಟ್ರು ಹೀಗೆ ಹೇಳಿದ್ದಾರೆ, ಮೇಷ್ಟ್ರು ಅದನ್ನು ಬೇಡ ಅಂದಿದ್ದಾರೆ. ಪಕ್ಕದ ಬೀದಿಯಲ್ಲೇ ಅವರ ಮನೆ ಇದೆಯೇನೋ ಎನ್ನುವಂತೆ.

ಎರಡನೆಯ ಪಾಠದಲ್ಲಿ, ಜನ ಸೇರುವ ಕಡೆ ಹೋಗಿ ಸುಮ್ಮನೆ ಕುಳಿತು ಗಮನಿಸಿ ಎಂದಿತ್ತು. ಮಾವ ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಗಮನಿಸಿದರು. ಎಷ್ಟು ಗಮನಿಸಿದರೆಂದರೆ, ಸತತವಾಗಿ ಕೆಲವು ದಿನ ಇವರು ಯಾವ ಬಸ್ಸನ್ನೂ ಹತ್ತದೆ ಎಲ್ಲರ ಮುಖ ನೋಡುತ್ತಾ ಕೂತದ್ದನ್ನು ಕಂಡು ಒಬ್ಬ ಕಂಡಕ್ಟರು ಬಂದು, ಯಾರನ್ನಾದರೂ ಕಳಕೊಂಡಿದ್ದೀರಾ ಯಜಮಾನ್ರೇ ಎಂದು ವಿಚಾರಿಸಿದನಂತೆ. ಮೂರನೆಯ ಪಾಠ ಸಂಭಾಷಣೆಯದು. ಜನ ಮಾತಾಡುವಂತೆಯೇ ಬರೆಯಿರಿ ಎಂದು ಮೇಷ್ಟ್ರ ಅಪ್ಪಣೆ. ಮಾವ ಹಾಳೆ ಪೆನ್ನು ಹಿಡಿದು ನಡುಮನೆಯಲ್ಲೇ ಕೂತರು. ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದನ್ನು ಯಾರು ಮರೆತದ್ದು ಎಂದು ನಾನೂ ನಮ್ಮವರೂ ವಾದ ಮಾಡುತ್ತಿದ್ದರೆ, ಅವರು ತಲೆಯೆತ್ತಿ, ‘ಒಸಿ ತಡೀರಿ, ಅದನ್ನ ಇನ್ನೊಂದ್ಸಲ ಏಳವ್ವ’ ಎಂದರು. ಆಮೇಲೆ ಕೆಲವು ದಿನ ನಾವಿಬ್ಬರೂ ಮನೆಯಲ್ಲಿ ಆಕಾಶವಾಣಿಯವರಂತೆ ಶುದ್ಧ ಕನ್ನಡ ಮಾತಾಡಿಕೊಂಡಿದ್ದೆವು.

ಇಷ್ಟರಲ್ಲಿ ನಮ್ಮ ನಡುವಿನ ಬಿಗಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನು ಶಾಲೆಯಿಂದ ಬರುವುದನ್ನೇ ಕಾದಿದ್ದು, ಆ ದಿನ ಓದಿದ್ದನ್ನು ಹೇಳುವರು. ಉಪಮೆ ಎಂದರೇನು, ಹೋಲಿಕೆಯಲ್ಲಿ ‘ಹಾಗೆ’ ಬಿಟ್ಟರೆ ಅದು ಬೇರೆ ಹೆಸರಿನದು ಆಗುತ್ತದಂತಲ್ಲ ಎಂದು ಚರ್ಚೆ. ತರಗತಿಯಲ್ಲಿ ಅದನ್ನು ನೂರು ಸಲ ಹೇಳಿದ್ದೆ. ಹೇಳಿದ್ದನ್ನು ಒಬ್ಬರು ಆಸೆಯಿಂದ ಕೇಳುವುದು ನನಗೆ ಹೊಸತು. ನಾನೇ ಅವರಿಗೆ ಪದ್ಯದ ಕೈಪಿಡಿ ತಂದುಕೊಟ್ಟೆ. ನರಸೀಪುರದ ಅಂಗಡಿಗೆ ಹೋದಾಗಲೆಲ್ಲ ಅವರು ಪೋಸ್ಟರು ತಂದು, ಅನ್ನದ ಗಂಜಿಯಿಂದ ಅಂಟಿಸಿ ಹೊದಿಕೆ ಹಾಕುತ್ತಿದ್ದರು.

ನಾಲ್ಕನೆಯ ಪಾಠ ಪಾತ್ರರಚನೆಯದು. ಅದರ ಕೊನೆಯಲ್ಲಿ ಅಭ್ಯಾಸ ಹೀಗಿತ್ತು: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಆರಿಸಿಕೊಳ್ಳಿ. ಅವರ ಬಗ್ಗೆ ಒಂದು ಪುಟ ಬರೆಯಿರಿ. ಒಳ್ಳೆಯವರು, ಕೆಟ್ಟವರು, ಸುಂದರವಾಗಿದ್ದರು, ತಾಳ್ಮೆಯಿತ್ತು ಎಂಬಂಥ ಮಾತುಗಳನ್ನು ಬಳಸಬೇಡಿ. ಅವರು ಏನು ಮಾಡುತ್ತಿದ್ದರು ಎಂಬುದನ್ನಷ್ಟೇ ಬರೆಯಿರಿ.

ಮಾವ ಅತ್ತೆಯನ್ನು ಆರಿಸಿಕೊಂಡರು. ಅವರ ಹೆಸರು ಪುಟ್ಟತಾಯಮ್ಮ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಉತ್ಸಾಹದಿಂದ ಕೂತರು. ನಾನು ಸಂಜೆ ಬಂದಾಗ ಹಾಗೇ ಕೂತಿದ್ದರು. ಹಾಳೆಯ ಮೇಲೆ ‘ಒಳ್ಳೆಯವಳು’ ಎಂದು ಬರೆದು ಹೊಡೆದುಹಾಕಿತ್ತು. ‘ತಾಳ್ಮೆಯವಳು’ ಎಂದು ಬರೆದು ಹೊಡೆದುಹಾಕಿತ್ತು. ‘ಅಡುಗೆ ಮಾಡುತ್ತಿದ್ದಳು’ ಎನ್ನುವುದು ಉಳಿದಿತ್ತು. ಮರುದಿನವೂ ಅಷ್ಟೇ. ಮೂರನೆಯ ದಿನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಈ ಪಾಠ ಬಿಟ್ಟು ಮುಂದಕ್ಕೆ ಹೋಗಿ ಮಾವ, ಐದನೆಯದು ಸುಲಭ ಇದೆ ಎಂದು ನಾನು ಹೇಳಿದೆ.

‘ಅವಳ ಜೊತೆ ಅಷ್ಟು ವರ್ಷ ಬಾಳಾಟ ಮಾಡಿದೀನಿ ಕೂಸೇ. ಒಂದು ಪುಟಕ್ಕಾಗೋವಷ್ಟೂ ನಂಗೆ ಗೊತ್ತಿಲ್ವಲ್ಲ’ ಅಂದರು.

ಮರೆತುಹೋಗಿದೆಯೋ, ಅಥವಾ ತಾನು ನೋಡಿಯೇ ಇರಲಿಲ್ಲವೋ ಎನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಅಂಗಡಿ, ರಾತ್ರಿ ಬಂದರೆ ಊಟ, ಮಲಗುವುದು. ನಾನು ಹೇಳಬಹುದಾದ ಮಾತು ಯಾವುದೂ ನನ್ನ ಎಂ.ಎ.ಯಲ್ಲಿ ಇರಲಿಲ್ಲ. ಪುಸ್ತಕವನ್ನೇ ಎತ್ತಿಕೊಂಡು ಮುಂದಿನ ಸಾಲು ಓದಿದೆ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ ತಿಳಿದುಕೊಳ್ಳಿ ಎಂದಿತ್ತು. ಹಾಗಾದರೆ ಭಾನುವಾರ ಬನ್ನೂರಿಗೆ ಹೋಗಿಬರೋಣ ಮಾವ ಎಂದೆ. ಅತ್ತೆಯ ತಂಗಿ ಗೌರಮ್ಮ ಬನ್ನೂರಿನಲ್ಲಿದ್ದರು. ಅಕ್ಕತಂಗಿಯರು ಬಹಳ ಹಚ್ಚಿಕೊಂಡಿದ್ದವರೆಂದು ನಮ್ಮವರು ಹೇಳಿದ್ದರು.

ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ, ನರಸೀಪುರದಲ್ಲಿ ಇಳಿದು ಬನ್ನೂರಿನ ಬಸ್ಸು ಹಿಡಿದೆವು. ಗದ್ದೆ ಬಯಲು ಬಂದಾಗ ಮಾವ, ಪೈರಿಗೆ ಸತುವು ಕಮ್ಮಿಯಾಗಿದೆ ಎಂದು ಕಿಟಕಿಯಾಚೆ ತೋರಿಸಿದರು. ಗೌರಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಬಂದ ಕಾರಣವನ್ನು ನಾನೇ ಹೇಳಬೇಕಾಯಿತು. ಅವರು ಮಾವನವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇದನ್ನು ಕೇಳುವುದಕ್ಕೆ ಇಷ್ಟು ತಡ ಮಾಡಿದಿರಾ ಭಾವ ಎಂದರು. ಕೋಪದ ದನಿಯಲ್ಲ. ಆಮೇಲೆ ನನ್ನ ಮುಂದೆಯೂ ಒಂದು ಮೊರ ಕಾಯಿ ಸುರಿದು, ಹೇಳಲು ಶುರು ಮಾಡಿದರು.

ಅಕ್ಕನಿಗೆ ಹುಣಸೆಯ ಚಿಗುರೆಂದರೆ ಪ್ರಾಣ, ಮದುವೆಗೆ ಮುಂಚೆ ಅದಕ್ಕಾಗಿ ಮರವನ್ನೇ ಹತ್ತುತ್ತಿದ್ದಳು. ಕುಂಬಳಕಾಯಿ ಅವಳಿಗೆ ಆಗದು, ಭಾವನಿಗೆ ಇಷ್ಟ ಎಂದು ಮಾಡುತ್ತಿದ್ದಳು, ಮಾಡಿ ತಾನು ಬರೀ ಮಜ್ಜಿಗೆಯಲ್ಲಿ ಉಣ್ಣುತ್ತಿದ್ದಳು. ಕತ್ತಲಲ್ಲಿ ಒಂಟಿಯಾಗಿ ಹಿತ್ತಿಲಿಗೆ ಹೋಗಲು ಭಯ, ಆದರೆ ಹಾವು ಕಂಡರೆ ಭಯವಿಲ್ಲ. ಮಾವ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು. ಅವರ ಮುಖ ತಿಳಿಯಾಗುತ್ತಾ ಬಂದಿತ್ತು. ಆಗ ಗೌರಮ್ಮ, ಎಲ್ಲರಿಗೂ ಗೊತ್ತಿರುವುದನ್ನು ಜ್ಞಾಪಿಸುವವರಂತೆ ಕೇಳಿದರು:

‘ಅವಳ ಸಿಳ್ಳೆ ಬರ್ಕೊಂಡ್ರಾ ಭಾವ?’

‘ಯಾವ ಸಿಳ್ಳೆ?’

‘ಅಯ್ಯೋ, ಅಕ್ಕ ಸಿಳ್ಳೆ ಆಕ್ತಿರ್ಲಿಲ್ವಾ? ಪಾತ್ರೆ ಉಜ್ಜುವಾಗ, ಬಟ್ಟೆ ಒಗ್ಯುವಾಗ. ಸೋಬಾನೆ ಪದನೆಲ್ಲ ಸಿಳ್ಳೇಲೇ ಏಳೋಳು.’

ಮಾವನವರ ಪೆನ್ನು ನಿಂತಿತು. ತಾನು ಕೇಳಿಯೇ ಇಲ್ಲ ಎಂದರು. ಗೌರಮ್ಮ ನನ್ನ ಮುಖ ನೋಡಿದರು, ನಾನು ಅವರೆಕಾಯಿ ನೋಡಿದೆ. ಅವರು ಮಾತು ಬದಲಿಸಿ ಊಟಕ್ಕೆ ಎಬ್ಬಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಗದ್ದೆಗಳ ಕಡೆಯೂ ನೋಡಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ನಾನು ನಮ್ಮವರನ್ನು ಕೇಳಿದೆ. ಕೇಳಬಾರದಿತ್ತೋ ಏನೋ. ಅವರು ಮುದ್ದೆ ಮುರಿಯುತ್ತಾ, ಬಹಳ ಹಗುರವಾಗಿ, ‘ಅವ್ವನಾ? ಹೂಂ, ಎಷ್ಟು ಚೆನ್ನಾಗಿ ಹಾಕೋರು. ತಿರುವಿನಲ್ಲಿ ಅಪ್ಪಾಜಿ ಸ್ಕೂಟರ್ ಸದ್ದು ಕೇಳಿದ ತಕ್ಷಣ ನಿಲ್ಲಿಸೋರು’ ಅಂದರು. ಅಂದ ಮೇಲೆ ಅಪ್ಪನ ಕಡೆ ತಿರುಗಿ ನೋಡಿ, ಮುಂದಿನ ತುತ್ತು ತಟ್ಟೆಯಲ್ಲೇ ಬಿಟ್ಟರು. ಮನೆಮಂದಿಗೆ, ನೆರೆಯವರಿಗೆ, ಎಲ್ಲರಿಗೂ ಗೊತ್ತಿದ್ದ ಒಂದು ದನಿ ಅವರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ಮಾವ ಕೈಪಿಡಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು, ಯಾರಾದರೂ ಓದುವ ಮಕ್ಕಳಿದ್ದರೆ ಕೊಡು ಎಂದರು. ಅಲ್ಲಿಂದ ಕೆಲವು ವಾರ ಮನೆ ಮತ್ತೆ ಮೊದಲಿನಂತಾಯಿತು. ಸಾರಿಗೆ ಉಪ್ಪು ಸಾಕಾ ಮಾವ, ಸಾಕು ಕೂಸೇ. ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ. ಕಪಿಲಾ ನದಿಯ ಸೋಪಾನದ ಕಡೆ ಹೋಗಿ ಕೂತು ಬರುತ್ತಿದ್ದರು. ನಮ್ಮವರು, ಇದೆಲ್ಲ ಯಾಕೆ ಬೇಕಿತ್ತು, ಆರಾಮಾಗಿದ್ದವರು ಈ ಪುಸ್ತಕದ ದೆಸೆಯಿಂದ ಇಳಿದುಹೋದರು ಎಂದು ನನ್ನನ್ನು ಅಂದರು. ನನಗೂ ಹಾಗೇ ಅನ್ನಿಸಿತ್ತು. ಪುಸ್ತಕವನ್ನು ಯಾರಿಗೂ ಕೊಡದೆ ಮೇಜಿನ ಡ್ರಾಯರಿಗೆ ಹಾಕಿದೆ, ಆಮೇಲೆ ಅದರ ಕಡೆ ನೋಡಲೂ ಇಲ್ಲ.

ಒಂದು ಮಧ್ಯಾಹ್ನ ಶಾಲೆಗೆ ರಜೆ. ಮಾವ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದರು. ನಾನು ಎರಡು ಲೋಟ ಕಾಫಿ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಸೊಸೆ ಮಾವನ ಪಕ್ಕದಲ್ಲಿ ಕೂರುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ. ಅವರು ಸ್ವಲ್ಪ ಸರಿದು ಜಾಗ ಬಿಟ್ಟರು. ಯಾಕೆ ನಿಲ್ಲಿಸುತ್ತಿದ್ದಳು ಹೇಳು ಕೂಸೇ, ನಾನು ಒಂದು ದಿನ ಅವಳ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ ಎಂದರು. ನನಗೆ ಗೊತ್ತಿಲ್ಲ ಮಾವ ಎಂದೆ. ನನಗೆ ಆಗ ಅವರನ್ನು ಸಮಾಧಾನ ಮಾಡುವ ಮಾತು ಬರಲಿಲ್ಲ. ಬಂದದ್ದು ನನ್ನೊಳಗಿನ ಟೀಚರ ಮಾತು.

‘ಅತ್ತೆ ಒಳಗೆ ಏನು ಮಾಡ್ತಿದ್ರು ಅನ್ನೋದು ನಿಮಗೆ ಗೊತ್ತಿಲ್ಲ ಮಾವ. ಆ ಹೊತ್ತಲ್ಲಿ ನೀವು ಏನು ಮಾಡ್ತಿದ್ರಿ ಅನ್ನೋದು ಗೊತ್ತಲ್ಲ. ಅದನ್ನ ಬರೀರಿ.’

ಅವರು ಕಾಫಿ ಮುಗಿಸಿ ಎದ್ದುಹೋದರು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಡ್ರಾಯರು ಎಳೆದ ಸದ್ದು ಕೇಳಿಸಿತು.

ಆ ಪುಟವನ್ನು ಬರೆಯಲು ಅವರು ತೆಗೆದುಕೊಂಡ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಒಂದು ಪರೀಕ್ಷೆ ಮುಗಿದು, ರಜೆ ಕಳೆದು, ಮತ್ತೆ ಪಾಠ ಶುರುವಾಗಿತ್ತು. ಬರೆದು ಹರಿಯುವುದು, ಮತ್ತೆ ಬರೆಯುವುದು. ಒಂದು ದಿನ ನನಗೆ ಕೊಟ್ಟರು. ಅದರಲ್ಲಿ ಅತ್ತೆಯೇ ಇರಲಿಲ್ಲ. ಒಬ್ಬ ಮನುಷ್ಯ ಅಂಗಡಿಯ ಬಾಗಿಲು ಎಳೆದು ಬೀಗ ಹಾಕುತ್ತಾನೆ. ಕೈಗೆ ಅಂಟಿದ ಪುಡಿಯನ್ನು ಒರೆಸಿಕೊಂಡು ಸ್ಕೂಟರು ಒದೆಯುತ್ತಾನೆ. ಸಂತೆಮಾಳ ದಾಟುತ್ತಾನೆ. ಮನೆಯ ತಿರುವಿನಲ್ಲಿ ಕಲ್ಲು ಎದ್ದಿರುವುದರಿಂದ ಅಲ್ಲಿ ಯಾವಾಗಲೂ ಗೇರು ಇಳಿಸುತ್ತಾನೆ, ಗೇರು ಇಳಿಸಿದಾಗ ಗಾಡಿ ಗುಡುಗುತ್ತದೆ. ಮನೆಯ ಮುಂದೆ ನಿಂತಾಗ ಒಳಗೆ ಸದ್ದಿಲ್ಲ. ಅಲ್ಲಿಂದ ಮುಂದಿನ ಸಾಲುಗಳು ನನಗೆ ಬಾಯಿಪಾಠ ಬರುತ್ತವೆ: ‘ಮನೆ ಅಂದರೆ ಸದ್ದಿಲ್ಲದ್ದು ಅಂತ ಅವನು ತಿಳಿದಿದ್ದ. ದಿನಾ ಹಾಗೇ ಇರುತ್ತಿತ್ತು. ಅದು ಅವನು ಬರುವುದಕ್ಕೆ ಒಂದು ಗಳಿಗೆ ಮುಂಚೆ ಹಾಗಾಗಿದ್ದು ಅಂತ ಅವನಿಗೆ ಯಾರೂ ಹೇಳಲಿಲ್ಲ. ಹೆದರಿಕೆಯಿಂದಲೇ ನಿಲ್ಲಿಸಿರಬೇಕು.’

ಇದನ್ನು ಗೌರಮ್ಮನವರಿಗೆ ಓದಿ ಹೇಳಬೇಕೆಂದರು. ಮತ್ತೆ ಅದೇ ಬಸ್ಸು, ಅದೇ ಜಗುಲಿ. ನಾನು ಓದಲೇ ಎಂದರೆ ಬೇಡವೆಂದು, ಕನ್ನಡಕ ಹಾಕಿಕೊಂಡು ತಾವೇ ಓದಿದರು. ಅಂಗಡಿಯಲ್ಲಿ ದರ ಹೇಳುವ ಹಾಗೆ, ಏರಿಳಿತವಿಲ್ಲದೆ. ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು:

‘ಎದರ್ಕೆ ಅಂತ ಯಾಕೆ ಬರ್ದಿರಿ ಭಾವ? ನಿಮ್ಮ ಗಾಡಿ ಸದ್ದು ಬಂತು ಅಂದ್ರೆ ಬಿಸಿನೀರು ಎತ್ತಿಡಕ್ಕೆ ಒಳಗೆ ಓಡೋಳು. ಓಡೋರ ಬಾಯಲ್ಲಿ ಸಿಳ್ಳೆ ಬಂದದಾ?’

ಅದು ನಿಜವಾಗಿ ನಡೆದದ್ದೋ, ಅಥವಾ ಎದುರಿಗೆ ಕೂತ ವಯಸ್ಸಾದ ಭಾವನ ಮುಖ ನೋಡಿ ಆ ಕ್ಷಣಕ್ಕೆ ಹುಟ್ಟಿದ ಮಾತೋ, ನನಗೆ ತಿಳಿಯಲಿಲ್ಲ. ಗೌರಮ್ಮ ಇವತ್ತಿಗೂ ಬನ್ನೂರಿನಲ್ಲೇ ಇದ್ದಾರೆ, ಕೇಳಬಹುದು. ನಾನು ಕೇಳಿಲ್ಲ. ಮಾವ ಅಲ್ಲೇ ಜೇಬಿನಿಂದ ಪೆನ್ನು ತೆಗೆದು ಆ ಕೊನೆಯ ಸಾಲನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ ಬಿಸಿನೀರು ಬರೆಯುತ್ತಾರೆ ಅಂದುಕೊಂಡೆ. ಬರೆಯಲಿಲ್ಲ. ನರಸೀಪುರಕ್ಕೆ ಬರುವ ಬಸ್ಸಿನಲ್ಲಿ ನನ್ನ ಕಡೆ ಬಾಗಿ, ಗೊತ್ತಿಲ್ಲ ಅಂತ ಬರೆದರೆ ನಡೆಯುತ್ತದಾ, ಮೇಷ್ಟ್ರು ಏನಾದರೂ ಹೇಳಿದ್ದಾರಾ ಎಂದು ಕೇಳಿದರು. ಮೇಷ್ಟ್ರು ಅದರ ಬಗ್ಗೆ ಏನೂ ಹೇಳಿಲ್ಲ ಮಾವ, ನಡೆಯುತ್ತದೆ ಎಂದೆ. ‘ಯಾಕೆ ನಿಲ್ಲಿಸುತ್ತಿದ್ದಳೋ ಗೊತ್ತಿಲ್ಲ’ ಎಂದು ಬರೆದರು. ರಸ್ತೆ ಕೆಟ್ಟಿದ್ದರಿಂದ ಅಕ್ಷರಗಳೆಲ್ಲ ಕುಣಿದಿದ್ದವು. ಆ ರಾತ್ರಿ ಅವರು ಎರಡನೆಯ ಸಲ ಸಾರು ಬಡಿಸಿಕೊಂಡರು.

ಮಾವ ಆಮೇಲೆ ಇನ್ನೇನನ್ನೂ ಬರೆಯಲಿಲ್ಲ. ಆದರೆ ಕೈಪಿಡಿ ಕೊಳ್ಳುವುದನ್ನು ಬಿಡಲಿಲ್ಲ. ನಾಟಕದ್ದು ತಂದರು, ಪ್ರಬಂಧದ್ದು ತಂದರು, ಛಂದಸ್ಸಿನದನ್ನು ತಂದು ಬೆರಳಿನ ಮೇಲೆ ಮಾತ್ರೆ ಎಣಿಸುತ್ತಾ ಓಡಾಡಿದರು. ಮೊದಲ ಮೂರು ಪಾಠ ಬಹಳ ಖುಷಿ ಕೂಸೇ, ಆಮೇಲೆ ಕಷ್ಟ ಎನ್ನುತ್ತಿದ್ದರು. ನಾನು ಕೈಪಿಡಿಗಳ ಬಗ್ಗೆ ಭಾಷಣ ಮಾಡುವುದನ್ನು ಯಾವಾಗಲೋ ಬಿಟ್ಟಿದ್ದೆ. ಮಕ್ಕಳಿಗೆ ಪಾತ್ರಚಿತ್ರಣ ಕಲಿಸುವಾಗ ಆ ನಾಲ್ಕನೆಯ ಪಾಠದ ಅಭ್ಯಾಸವನ್ನೇ ಕೊಡುತ್ತಿದ್ದೆ. ಮಾವ ತೀರಿಕೊಂಡು ಈಗ ಕೆಲವು ವರ್ಷವಾಯಿತು. ಅವರು ಬರೆದ ಆ ಒಂದು ಪುಟ ದೊಡ್ಡ ಭಾವನವರ, ಅಂದರೆ ನಮ್ಮವರ ಅಣ್ಣನ ಅಂಗಡಿಯಲ್ಲಿ, ಫ್ರೇಮು ಹಾಕಿಸಿಕೊಂಡು ಗಲ್ಲಾದ ಹಿಂದೆ ಇದೆ. ಗೊಬ್ಬರಕ್ಕೆ ಬಂದ ರೈತರು ಅದೇನೋ ಲೈಸೆನ್ಸು ಇರಬೇಕೆಂದು ತಿಳಿಯುತ್ತಾರೆ.

ನಳಿನಿಗೆ ನಾಳೆ ತರುತ್ತೇನೆ ಎಂದವಳು ಮೂರು ದಿನ ತರಲಿಲ್ಲ. ಭಾನುವಾರ ಬೆಳಿಗ್ಗೆ ಕೈಪಿಡಿಯನ್ನು ಬಿಚ್ಚಿ ನಾಲ್ಕನೆಯ ಪಾಠ ಓದುತ್ತಾ ಕೂತೆ. ಓದುತ್ತಿದ್ದಂತೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಎಷ್ಟೋ ಮಕ್ಕಳಿಂದ ಬರೆಸಿದ ಅಭ್ಯಾಸವನ್ನು ನಾನು ಒಂದು ಸಲವೂ ಬರೆದಿರಲಿಲ್ಲ. ಒಂದು ಹಾಳೆ ತೆಗೆದುಕೊಂಡು ನಮ್ಮವರ ಹೆಸರು ಬರೆದೆ. ಅವರ ಸಕ್ಕರೆ ಕಾಯಿಲೆಯ ಮಾತ್ರೆ ಗೊತ್ತು, ಅಂಗಿಯ ಅಳತೆ ಗೊತ್ತು, ಮೂರು ಸಲ ಸೀನದೆ ನಿಲ್ಲಿಸುವವರಲ್ಲ ಎನ್ನುವುದು ಗೊತ್ತು. ಆದರೆ ಅವರು ಬೆಳಗಿನ ಶಿಫ್ಟು ಮುಗಿಸಿಕೊಂಡು ಮಧ್ಯಾಹ್ನ ಬಂದಮೇಲೆ, ನಾನು ಶಾಲೆಯಿಂದ ಬರುವವರೆಗೆ, ಈ ಮನೆಯಲ್ಲಿ ಏನು ಮಾಡುತ್ತಾರೆ? ಅಲ್ಲಿ ಹಾಳೆ ಖಾಲಿ.

ಅವರು ಹಿತ್ತಿಲಲ್ಲಿ ಸೋರುವ ನಲ್ಲಿಗೆ ದಾರ ಸುತ್ತುತ್ತಿದ್ದರು. ಹೋಗಿ ಕೇಳಿದೆ. ಯಾಕೆ, ಏನಾಯಿತು, ಯಾರಾದರೂ ಏನಾದರೂ ಹೇಳಿದರಾ ಎಂದರು. ಸುಮ್ಮನೆ ಕೇಳಿದೆ, ಹೇಳಿ ಎಂದೆ. ಮಲಗುತ್ತೇನೆ ಎಂದರು. ಎದ್ದ ಮೇಲೆ? ಕಾಫಿ ಮಾಡಿಕೊಳ್ಳುತ್ತೇನೆ. ಆಮೇಲೆ? ಅವರು ನಲ್ಲಿಯನ್ನು ಬಿಟ್ಟು ನೇರ ನಿಂತರು. ಸ್ವಲ್ಪ ನಾಚಿಕೊಂಡಂತೆ ಕಂಡಿತು.

‘ಕಿಟಕಿ ಹತ್ರ ನಿನ್ನ ಕುರ್ಚಿ ಇದೆಯಲ್ಲ, ಅದರಲ್ಲಿ ಕೂತ್ಕೋತೀನಿ. ಅಲ್ಲಿಂದ ಗೇಟು ಕಾಣುತ್ತೆ. ನೀನು ಬರೋದು ಕಾಣುತ್ತೆ. ಗೇಟಿಗೆ ಬಂದ ಮೇಲೆ ಎದ್ದು ಟೀವಿ ಕಡೆಗೆ ಹೋಗ್ತೀನಿ.’

ನಾನು ಮನೆಯೊಳಗೆ ಕಾಲಿಡುವಾಗ ಅವರು ದಿನಾ ಟೀವಿಯ ಮುಂದಿನ ಕುರ್ಚಿಯಲ್ಲಿ ಇರುತ್ತಾರೆ. ಬಂದೆಯಾ ಎಂದು ತಲೆಯೆತ್ತದೆ ಕೇಳುತ್ತಾರೆ. ಇವರಿಗೆ ನಾನು ಬರುವುದೂ ಒಂದೇ, ಬಿಡುವುದೂ ಒಂದೇ ಎಂದು ಎಷ್ಟು ಸಂಜೆ ಮನಸ್ಸಿನಲ್ಲೇ ಅಂದುಕೊಂಡಿದ್ದೇನೋ. ನಾನು ಬಂದ ಮೇಲೆ ಏಳಬೇಡಿ, ಅಲ್ಲೇ ಕೂತಿರಿ ಎಂದೆ. ಅದು ನಿನ್ನ ಜಾಗವಲ್ಲವಾ ಎಂದು ಅವರು ಮತ್ತೆ ನಲ್ಲಿಗೆ ಬಾಗಿದರು.

ಸೋಮವಾರ ಪುಸ್ತಕವನ್ನು ನಳಿನಿಗೆ ಕೊಟ್ಟೆ. ಅವಳು ಹೊದಿಕೆಯ ಮೇಲಿನ ಹುಳವನ್ನು ಕಂಡು ಗಾಬರಿಯಾದಳು, ಮೊದಲ ಮೂರು ಪಾಠ ಬಹಳ ಖುಷಿಯಾಗಿದೆ ಎಂದು ಧೈರ್ಯ ಹೇಳಿದೆ. ಸಂಜೆ ಗೇಟು ತೆಗೆದು ಒಳಗೆ ಬಂದಾಗ ನಮ್ಮವರು ಕಿಟಕಿಯ ಪಕ್ಕದಲ್ಲೇ ಇದ್ದರು. ನನ್ನನ್ನು ಕಂಡು ಅಭ್ಯಾಸಬಲದಿಂದ ಅರ್ಧ ಎದ್ದರು, ಏನೋ ನೆನಪಾಗಿ ಮತ್ತೆ ಕೂತರು. ನಾನು ಚೀಲವನ್ನು ಇಳಿಸಿ ಅವರ ಕುರ್ಚಿಗೆ ಹೋಗಿ ಕೂತೆ. ಅಲ್ಲಿಂದ ಗೇಟು ಕಾಣುವುದಿಲ್ಲ, ಬೀದಿಯೂ ಕಾಣುವುದಿಲ್ಲ. ಗೋಡೆ, ಟೀವಿ, ಮತ್ತು ಪಕ್ಕಕ್ಕೆ ತಿರುಗಿದರೆ ಕಿಟಕಿಯ ಬೆಳಕಿನಲ್ಲಿ ಕಾಫಿ ಕುಡಿಯುತ್ತಾ ಕೂತಿರುವ ಅವರು.